ಒಂದು ಬೇಸಿಗೆ ಕಾದ ಮದುವೆ: ಕೋಲಾರ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಊರಲ್ಲಿ ಕೈಕಸುಬು ಮಾಡುವ ಹುಡುಗ, ಬೆಂಗಳೂರಲ್ಲಿ ಓದಿ ಕೆಲಸ ಹಿಡಿದ ಹುಡುಗಿ. ಇಂಥ ಜೋಡಿ ಆಪ್ತಸಲಹೆಗೆ ಬಂದಾಗ ಎರಡೂ ಮನೆಯವರು ಮುಂದಿಡುವ ಕಾರಣ ಹೆಚ್ಚಾಗಿ ಎರಡೇ, ಜಾತಿ ಮತ್ತು ಅಂತಸ್ತು. ಎರಡೂ ಸುಳ್ಳಲ್ಲ. ಆದರೆ ಈ ಪ್ರಕರಣದಲ್ಲಿ ಮದುವೆ ಮುರಿದುಬೀಳುವ ಹಂತಕ್ಕೆ ಹೋದದ್ದು ಏಪ್ರಿಲ್ ತಿಂಗಳಿಂದ ಮತ್ತು ಒಂದು ಖಾತೆ ಪುಸ್ತಕದಿಂದ. ಇದನ್ನು ವಿವರವಾಗಿ ಬರೆಯಲು ಕಾರಣವೂ ಅದೇ.

ಹೆಸರುಗಳನ್ನು ಬಿಟ್ಟಿದ್ದೇವೆ. ಊರು, ವಯಸ್ಸು, ನೆಂಟಸ್ತಿಕೆಗಳಲ್ಲಿ ಕೆಲವನ್ನು ಬದಲಿಸಿದ್ದೇವೆ. ಹಣದ ಲೆಕ್ಕವನ್ನು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೆ ಇಟ್ಟಿದ್ದೇವೆ.

ಹಿನ್ನೆಲೆ

ಆಕೆಗೆ 29 ವರ್ಷ. ಚಾರ್ಟರ್ಡ್ ಅಕೌಂಟೆಂಟ್, ವೈಟ್‌ಫೀಲ್ಡ್ ಕಡೆಯ ಒಂದು ಆಡಿಟ್ ಕಚೇರಿಯಲ್ಲಿ ಕೆಲಸ. ತಂದೆ ಬ್ಯಾಂಕಿನಿಂದ ನಿವೃತ್ತರು. ಮನೆ ಬೆಂಗಳೂರಿನಲ್ಲಿದ್ದರೂ ಕೋಲಾರ ಜಿಲ್ಲೆಯಲ್ಲಿ ತಾತನ ಕಾಲದ ಮೂರು ಎಕರೆ ಮಾವಿನ ತೋಟವಿದೆ, ಅದರಲ್ಲಿ ಒಂದು ಬೋರ್ ಇದೆ.

ಆತನಿಗೆ 32. ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ, ಬಂಗಾರಪೇಟೆ ರೈಲು ಮಾರ್ಗದ ಒಂದು ಪಟ್ಟಣದಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರಿನೊಳಗಿನ ತಂತಿಯ ಸುರುಳಿಯನ್ನು ಹೊಸದಾಗಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಅಣ್ಣನೂ ಅದೇ ಅಂಗಡಿಯಲ್ಲಿ ಪಾಲುದಾರ. ತಂದೆ ತೀರಿಕೊಂಡಿದ್ದಾರೆ. ತಾಯಿ ಇದ್ದಾರೆ, ಬಿ.ಎಡ್ ಓದುತ್ತಿರುವ ತಂಗಿ ಇದ್ದಾಳೆ. ಮನೆಯಲ್ಲಿ ಆಡುವುದು ತೆಲುಗು, ಅಂಗಡಿಯಲ್ಲಿ ಕನ್ನಡ. ಈ ಜಿಲ್ಲೆಯಲ್ಲಿ ಅದು ಸಾಮಾನ್ಯ. ಬೆಂಗಳೂರಿನ ಹುಡುಗಿಗೆ ಅದು ಗೊತ್ತಿರಲಿಲ್ಲ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳನ್ನು ನಂಬಿದ್ದ ಬೇಸಾಯ ಈಗ ಬೋರನ್ನು ನಂಬಿದೆ, ಸಾವಿರ ಅಡಿ ದಾಟಿದ ಬೋರ್‌ಗಳು ಇಲ್ಲಿ ವಿಶೇಷವಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್, ಅಂದರೆ ಮೂರು ತಂತಿಗಳಲ್ಲಿ ಬರುವ ಕರೆಂಟ್ ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯಲ್ಲಿ. ಫೇಸ್ ಒಂದು ಹೋದರೆ ಮೋಟರ್ ಉಳಿದೆರಡರ ಮೇಲೆ ಎಳೆಯುತ್ತದೆ, ಕರೆಂಟ್ ಏರುತ್ತದೆ, ವೈಂಡಿಂಗ್ ಸುಡುತ್ತದೆ. ಇದನ್ನು ತಡೆಯಲೆಂದೇ ಪ್ಯಾನಲ್ ಬೋರ್ಡಿನಲ್ಲಿ ಪ್ರಿವೆಂಟರ್ ಇರುತ್ತದೆ. ಬೇಸಿಗೆಯಲ್ಲಿ ಬೆಳೆ ಒಣಗುವ ಭಯಕ್ಕೆ ರೈತರು ಅದನ್ನು ತಪ್ಪಿಸಿ, ಕಂಡೆನ್ಸರ್ ಹಾಕಿ, ಎರಡು ಫೇಸಿನಲ್ಲೇ ಓಡಿಸುತ್ತಾರೆ. ನೀರು ಕೆಳಗಿಳಿದು ಮೋಟರ್ ಒಣಗಿ ಓಡುವುದು ಇನ್ನೊಂದು. ಹೀಗಾಗಿ ಫೆಬ್ರವರಿಯಿಂದ ಮೇವರೆಗೆ ಅಂಗಡಿ ಮುಂದೆ ಸುಟ್ಟ ಮೋಟರ್‌ಗಳ ಸಾಲು. ಆಗಸ್ಟಿಂದ ನವೆಂಬರ್‌ವರೆಗೆ ಸಾಲೂ ಇಲ್ಲ, ಕೆಲಸವೂ ಇಲ್ಲ.

ಇಬ್ಬರ ಪರಿಚಯ ಆದದ್ದು ನವೆಂಬರಿನಲ್ಲಿ. ತೋಟದ ಮೋಟರ್ ನಿಂತಿತ್ತು. ಮೊದಲು ಬಂದ ಮೆಕ್ಯಾನಿಕ್ ಸ್ಟಾರ್ಟರ್ ಹತ್ತಿರ ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು, ಸೊನ್ನೆ ತೋರಿಸಿದ್ದನ್ನು ಕಂಡು, ವೈಂಡಿಂಗ್ ಹೋಗಿದೆ, ಎತ್ತಬೇಕು ಎಂದಿದ್ದ. ತಂದೆಗೆ ಮಂಡಿ ಆಪರೇಷನ್ ಆಗಿದ್ದರಿಂದ ಮಗಳು ಬಂದಿದ್ದಳು. ಎರಡನೆಯವನಾಗಿ ಬಂದ ಈತ ಬೋರಿನ ಬಾಯಿಯ ಹತ್ತಿರವಿದ್ದ ಕೇಬಲ್ ಜಾಯಿಂಟ್ ಬಿಚ್ಚಿದ, ಎರಡೂ ಕಡೆಯನ್ನು ಬೇರೆ ಬೇರೆ ಅಳೆದ. ಮೋಟರ್ ಕಡೆಯದು ಸರಿಯಿತ್ತು. ಮಳೆನೀರು ಇಳಿದು ಹಾಳಾಗಿದ್ದದ್ದು ಜಾಯಿಂಟ್ ಮಾತ್ರ. ಹೊಸದಾಗಿ ಜೋಡಿಸಿ ಟೇಪ್ ಸುತ್ತಿ 800 ರೂಪಾಯಿ ತೆಗೆದುಕೊಂಡ. ಎತ್ತಿ ವೈಂಡಿಂಗ್ ಮಾಡಿದ್ದರೆ ತಂತಿ, ಕೂಲಿ ಸೇರಿ 9,500 ರೂಪಾಯಿ, ಎತ್ತುವ ಗಾಡಿಯ ಬಾಡಿಗೆ ಬೇರೆ. ದಿನವೂ ಬಿಲ್ಲುಗಳಲ್ಲಿ ಸುಳ್ಳು ಹುಡುಕುವ ಕೆಲಸ ಆಕೆಯದು. ಹೀಗೆ ಕೈಗೆ ಬರುವ ಹಣವನ್ನು ಬಿಟ್ಟ ಮನುಷ್ಯನನ್ನು ಮರೆಯಲು ಆಕೆಗೆ ಆಗಲಿಲ್ಲ. ಆತನಿಗೆ ಹಿಡಿಸಿದ್ದು ಬೇರೆ. ಮೆಗ್ಗರ್ ಏನು ಅಳೆಯುತ್ತದೆ ಎಂದು ಕೇಳಿ, ಅರ್ಥವಾಗುವ ತನಕ ಮತ್ತೆ ಕೇಳಿದಳು. ಹತ್ತು ವರ್ಷದಲ್ಲಿ ಯಾವ ಗಿರಾಕಿಯೂ ಅದನ್ನು ಕೇಳಿರಲಿಲ್ಲವಂತೆ.

ನವೆಂಬರಿಂದ ಜನವರಿವರೆಗೆ ಇಬ್ಬರೂ ವಾರಕ್ಕೆರಡು ಸಲ ಭೇಟಿಯಾದರು, ದಿನವೂ ಮಾತಾಡಿದರು. ಈ ಮೂರು ತಿಂಗಳ ಗುಣವನ್ನು ಗಮನಿಸಬೇಕು. ಆತನಿಗೆ ಅದು ಸುಗ್ಗಿಯಿಲ್ಲದ ಕಾಲ. ಆಕೆಗೂ ಹಾಗೆಯೇ. ತೆರಿಗೆ ಆಡಿಟ್ ವರದಿಯ ಸೆಪ್ಟೆಂಬರ್ 30, ರಿಟರ್ನ್ಸಿನ ಅಕ್ಟೋಬರ್ 31, ಎರಡೂ ಗಡುವು ದಾಟಿದ್ದವು. ಪ್ರೀತಿ ಸುಳ್ಳಲ್ಲ. ಆದರೆ ಇಬ್ಬರೂ ಕಂಡದ್ದು ಒಬ್ಬರನ್ನೊಬ್ಬರ ಅತ್ಯಂತ ಬಿಡುವಾದ ರೂಪವನ್ನು. ಮಾಘದಲ್ಲಿ ಮದುವೆ ಎಂದು ನಿಶ್ಚಯಿಸಿದ್ದೂ ಆ ಬಿಡುವಿನಲ್ಲೇ.

ಮನೆಗಳಲ್ಲಿ ಹೇಳಿದ ಮೇಲೆ

ಆಕೆಯ ತಂದೆ ಕೇಳಿದ ಮೊದಲ ಪ್ರಶ್ನೆ: "ಅಳಿಯ ಏನು ಮಾಡ್ತಾನೆ ಅಂದ್ರೆ ನೆಂಟರ ಹತ್ರ ಏನು ಹೇಳ್ಲಿ?" ಎರಡನೆಯದು ಜಾತಿ. ಮೂರನೆಯದನ್ನು ತುಂಬ ಹೊತ್ತಿನ ಮೇಲೆ ಕೇಳಿದರು, ಬೋರಿನ ಹತ್ತಿರ ಏನಾದರೂ ಅವಘಡ ಆದರೆ ಮಗಳ ಗತಿ ಏನು ಎಂದು. ನಮ್ಮ ದೃಷ್ಟಿಯಲ್ಲಿ ಮೂರರಲ್ಲಿ ತಂದೆಯ ನಿಜವಾದ ಭಯ ಇದೇ.

ಆತನ ತಾಯಿಗಿದ್ದ ಚಿಂತೆ ಮಗಳದು. ಮಗ ಬೇರೆ ಜಾತಿಯವಳನ್ನು ತಂದರೆ ತಂಗಿಗೆ ಬರುವ ಸಂಬಂಧ ತಪ್ಪುತ್ತದೆ. ಅಣ್ಣನದು ಇನ್ನೊಂದು ಚಿಂತೆ, ಅಂಗಡಿ. ಆಡಿಟರ್ ಹೆಂಡತಿ ಬಂದರೆ ಪಾಲಿನ ಲೆಕ್ಕ ಕೇಳುತ್ತಾಳೆ. ಅಣ್ಣ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಜಾತಿಯ ಹೆಸರಿನಲ್ಲೇ ಜಗಳವಾಡಿದ.

ಮೊದಲ ಮೂರು ಪ್ರಯತ್ನಗಳು

ಮೊದಲನೆಯದು ಯಾರಿಗೂ ಹೇಳದೆ ಮದುವೆಯಾಗುವುದು. ಜಾತಿ ಬೇರೆಯಾದ್ದರಿಂದ 1954ರ ವಿಶೇಷ ವಿವಾಹ ಕಾಯ್ದೆಯೊಂದೇ ದಾರಿ ಎಂದು ಇಬ್ಬರೂ ನಂಬಿದ್ದರು. ಈ ತಪ್ಪು ತಿಳಿವಳಿಕೆ ಎಷ್ಟೋ ಜನರಲ್ಲಿದೆ. ಆ ಕಾಯ್ದೆಯಡಿ ಮದುವೆಯಾಗಲು, ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಕಾಯಬೇಕು. ತಾಲ್ಲೂಕು ಕೇಂದ್ರದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ದಿನವೂ ಜಮೀನಿನ ಕೆಲಸಕ್ಕೆ ಜನ ಬರುತ್ತಾರೆ. ಗೋಡೆಯ ಮೇಲಿನ ಹೆಸರು ಸಂಜೆಯೊಳಗೆ ಮನೆ ತಲುಪುತ್ತದೆ. ಗುಟ್ಟಾಗಿ ಆಗುವ ಮದುವೆಗೆ ಇದು ಸರಿಯಾದ ದಾರಿಯಲ್ಲ.

ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಸಾಕು. ಜಾತಿ ಬೇರೆ ಎಂಬುದು ಅದಕ್ಕೆ ಅಡ್ಡಿಯಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧ ಇರಬಾರದು, ಇಬ್ಬರಲ್ಲಿ ಒಬ್ಬರ ಪದ್ಧತಿಯಂತೆ ಶಾಸ್ತ್ರ ನಡೆಯಬೇಕು. ಆಮೇಲೆ ವಯಸ್ಸು ಮತ್ತು ವಿಳಾಸದ ದಾಖಲೆ, ಮದುವೆಯ ಫೋಟೊ, ಆಮಂತ್ರಣ, ಸಾಕ್ಷಿಗಳೊಂದಿಗೆ ಸಬ್‌ರಿಜಿಸ್ಟ್ರಾರ್ ಬಳಿ ನೋಂದಣಿ. ಇಲ್ಲೂ ಒಂದು ಎಚ್ಚರ ಬೇಕು. ಶಾಸ್ತ್ರವೇ ನಡೆಯದೆ ಬರೀ ನೋಂದಣಿ ಪತ್ರ ಮಾಡಿಸಿಕೊಂಡರೆ ಅದು ಹಿಂದೂ ವಿವಾಹ ಆಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. "ಈಗ ರಿಜಿಸ್ಟರ್ ಮಾಡಿಸೋಣ, ಮುಂದೆ ಯಾವಾಗಲಾದರೂ ತಾಳಿ" ಎನ್ನುವ ಯೋಚನೆ ಇಬ್ಬರಿಗೂ ಇತ್ತು. ಅದನ್ನು ಬಿಡಿಸಬೇಕಾಯಿತು.

ಆಕೆಯ ಚಿಕ್ಕಪ್ಪ ಒಬ್ಬರು ಫೋನಿನಲ್ಲಿ ಕೂಗಾಡಿದ್ದು ಬಿಟ್ಟರೆ ಈ ಪ್ರಕರಣದಲ್ಲಿ ಜೀವ ಬೆದರಿಕೆ ಇರಲಿಲ್ಲ. ಇದ್ದಿದ್ದರೆ ಸಲಹೆಯ ದಾರಿಯೇ ಬೇರೆ. ವಯಸ್ಕರ ಅಂತರ್ಜಾತಿ ವಿವಾಹಕ್ಕೆ ಕಿರುಕುಳ ಕೊಡುವವರ ಮೇಲೆ ಪೊಲೀಸರು ಕ್ರಮ ಕೈಗೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2006ರ ಲತಾ ಸಿಂಗ್ ತೀರ್ಪಿನಲ್ಲಿ ಹೇಳಿದೆ. 2018ರ ಶಕ್ತಿ ವಾಹಿನಿ ತೀರ್ಪು ಜಿಲ್ಲೆಗಳಲ್ಲಿ ವಿಶೇಷ ಘಟಕ ಮತ್ತು ಸುರಕ್ಷಿತ ವಸತಿಯ ಬಗ್ಗೆ ನಿರ್ದೇಶನ ಕೊಟ್ಟಿದೆ. ಬೆದರಿಕೆ ಇರುವಲ್ಲಿ ಮೊದಲು ರಕ್ಷಣೆ, ಸಂಧಾನ ಆಮೇಲೆ. ಈ ಕ್ರಮ ತಲೆಕೆಳಗಾಗಬಾರದು.

ಎರಡನೆಯ ಪ್ರಯತ್ನ ಆತ ಬೆಂಗಳೂರಿಗೆ ಹೋಗುವುದು. ಫೆಬ್ರವರಿಯಲ್ಲಿ ಒಂದು ಪಂಪ್ ಡೀಲರ್ ಬಳಿ 28,000 ರೂಪಾಯಿ ಸಂಬಳಕ್ಕೆ ಸೇರಿದ. ಅಳಿಯ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ ಎಂದು ಹೇಳಿಕೊಳ್ಳುವಂತಾದರೆ ಸಾಕು ಎಂಬುದು ಆಕೆಯ ಲೆಕ್ಕ. 19 ದಿನ ಇದ್ದು ವಾಪಸಾದ. ಅಪಾರ್ಟ್‌ಮೆಂಟಿನ ಸಂಪ್ ಮೋಟರ್ ಬಿಚ್ಚಿ ಕಟ್ಟುವುದು ಆತನಿಗೆ ಕೆಲಸವೆಂದೇ ಅನ್ನಿಸಲಿಲ್ಲ. ಮೇಲಾಗಿ ಅದು ವರ್ಷದ ದುಡಿಮೆಯ ಕಾಲ. ಊರಲ್ಲಿ ಅಣ್ಣ ಒಬ್ಬನೇ ಇದ್ದ, ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಆ 19 ದಿನಕ್ಕೆ ಅಂಗಡಿ ಕಳೆದುಕೊಂಡದ್ದು ಸುಮಾರು 60,000 ರೂಪಾಯಿಯ ಕೆಲಸ. ಅಣ್ಣನ ಸಿಟ್ಟಿಗೆ ಇದರಿಂದ ಒಂದು ನ್ಯಾಯವಾದ ಕಾರಣ ಸಿಕ್ಕಿತು, ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬೇರೂರಿದ ಕಸುಬನ್ನು ಅತ್ತೆ ಮಾವನ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಕಿತ್ತು ಬೇರೆಡೆ ನೆಡುವುದು ಬಹುಪಾಲು ಸಲ ಹೀಗೇ ಮುಗಿಯುತ್ತದೆ.

ಮೂರನೆಯ ಪ್ರಯತ್ನ ಆಕೆಯದು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅಂಗಡಿಯ ಖಾತೆ ಪುಸ್ತಕವನ್ನು ಬೆಂಗಳೂರಿಗೆ ಒಯ್ದು ಎಕ್ಸೆಲ್‌ಗೆ ಏರಿಸಿದಳು. 93 ಹೆಸರು, 4,80,000 ರೂಪಾಯಿ ಬರಬೇಕು. ಆಕೆಯ ಕಣ್ಣಿಗೆ ಅದು ಮುಳುಗುತ್ತಿರುವ ವ್ಯಾಪಾರ. ಆತನಿಗೆ ಹೇಳಿ, ಆದರೆ ಅಣ್ಣನನ್ನು ಕೇಳದೆ, ದೊಡ್ಡ ಬಾಕಿಯ 20 ಜನಕ್ಕೆ ವಾಟ್ಸಾಪಿನಲ್ಲಿ ಬಿಲ್ ಕಳಿಸಿದಳು. ಏಳನೆಯ ದಿನ ಹಾಲಿನ ಡೈರಿ ಮುಂದೆ ಆತನ ತಾಯಿಯನ್ನು ತಡೆದು ಒಬ್ಬರು ಕೇಳಿದರು: "ಏನಮ್ಮಾ, ಸೊಸೆ ಬರೋಕ್ ಮುಂಚೇನೇ ವಸೂಲಿ ಶುರುವಾ?" ಆ ತಾಯಿ ಅಲ್ಲಿಯವರೆಗೆ ಪೂರ್ತಿ ವಿರೋಧವಾಗಿರಲಿಲ್ಲ. ಅವತ್ತಿಂದ ಆದರು.

ಸಲಹೆಗೆ ಬಂದದ್ದು ಈ ಹಂತದಲ್ಲಿ, ಮಾರ್ಚ್ ಮೊದಲ ವಾರದಲ್ಲಿ.

ಕಾಗದದ ಮೇಲೆ ಎರಡು ವರ್ಷಚಕ್ರ

ಮೊದಲು ಮಾಡಿಸಿದ್ದು ಒಂದೇ ಕೆಲಸ. ಒಬ್ಬೊಬ್ಬರಿಗೂ ಒಂದು ಹಾಳೆ, ಅದರಲ್ಲಿ ಹನ್ನೆರಡು ತಿಂಗಳು. ತಿಂಗಳಿಗೆ ಕೈಗೆ ಬರುವ ಹಣ, ಕಟ್ಟಬೇಕಾದ ಹಣ, ಮನೆಯಿಂದ ಹೊರಗಿರುವ ಗಂಟೆ. ಮಾತಾಡದೆ, ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆಯಬೇಕು. ಇದಕ್ಕೆ ಒಂದೂವರೆ ಗಂಟೆ ಕೊಟ್ಟೆವು. ಅದಕ್ಕಿಂತ ಕಡಿಮೆ ಕೊಟ್ಟರೆ ಜನ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಕೊಡುತ್ತಾರೆ, ಆಗ ಹಾಳೆಯಿಂದ ಏನೂ ತಿಳಿಯುವುದಿಲ್ಲ.

ಆತನ ಪಾಲಿನ ದುಡಿಮೆ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಸುಮಾರು 90,000, ಅದರಲ್ಲಿ ಅರ್ಧ ಗಿರಾಕಿಗಳು ಬಾಕಿ ಇಟ್ಟ ಉದ್ರಿ. ಆಗಸ್ಟಿಂದ ನವೆಂಬರ್‌ವರೆಗೆ 20,000. ಉಳಿದ ನಾಲ್ಕು ತಿಂಗಳು 40,000. ವರ್ಷಕ್ಕೆ ಆರು ಲಕ್ಷ. ಆಕೆಯದು ತಿಂಗಳಿಗೆ ಕೈಗೆ 85,000, ಏರಿಳಿತವಿಲ್ಲ.

ಹಾಳೆಗಳನ್ನು ಅದಲು ಬದಲು ಮಾಡಿಕೊಂಡಾಗ ಎರಡು ಸಂಗತಿ ಹೊರಬಿದ್ದವು. ಆತ ಎರಡು ಲಕ್ಷದ ಚೀಟಿಯನ್ನು ಐದನೇ ತಿಂಗಳಲ್ಲೇ ಎತ್ತಿದ್ದ. ತಿಂಗಳಿಗೆ 10,000ದ ಹಾಗೆ ಇನ್ನೂ 15 ಕಂತು ಕಟ್ಟಬೇಕಿತ್ತು. ಸಾಲ ಇದೆಯಾ ಎಂದು ಆಕೆ ಹಿಂದೆ ಕೇಳಿದ್ದಾಗ ಇಲ್ಲ ಎಂದಿದ್ದ. ಸುಳ್ಳು ಹೇಳಿದ್ದಲ್ಲ, ಚೀಟಿಯನ್ನು ಸಾಲ ಎಂದು ಆತ ಎಣಿಸಿರಲೇ ಇಲ್ಲ. ಎತ್ತಿದ ಮೇಲೆ ಚೀಟಿ ಸಾಲವೇ. ಇತ್ತ ಆಕೆ ಬೆಂಗಳೂರಿನ ಮನೆಯ ಸಾಲಕ್ಕೆ ತಂದೆಯ ಜೊತೆ ಸಹಿ ಹಾಕಿದ್ದಳು, ತಿಂಗಳಿಗೆ 31,000 ಕಂತು ಆಕೆಯ ಸಂಬಳದಿಂದ ಹೋಗುತ್ತಿತ್ತು. ಅದು "ನಮ್ಮ ಮನೆಯದು" ಎಂದು ಆಕೆಯೂ ಹೇಳಿರಲಿಲ್ಲ. ತಂದೆ ಮದುವೆಗೆ ಅಷ್ಟು ಬಲವಾಗಿ ಅಡ್ಡ ನಿಂತದ್ದರಲ್ಲಿ ಈ ಕಂತಿನ ಪಾಲೂ ಇತ್ತು. ಅದನ್ನು ಹೇಳಿದ್ದಕ್ಕೆ ಆಕೆ ಅತ್ತಳು, ಆದರೆ ಅಲ್ಲಗಳೆಯಲಿಲ್ಲ.

ತಿಂಗಳುಗಳನ್ನು ಪಕ್ಕಪಕ್ಕ ಇಟ್ಟಾಗ ಇನ್ನೊಂದು ಕಂಡಿತು. ಆತನ ಕಷ್ಟದ ತಿಂಗಳು ಏಪ್ರಿಲ್, ಆಕೆಯದು ಸೆಪ್ಟೆಂಬರ್. ಎರಡನ್ನೂ ಇನ್ನೊಬ್ಬರು ನೋಡಿಲ್ಲ. ಮದುವೆಯನ್ನು ಆ ವರ್ಷದ ನವೆಂಬರಿಗೆ ಮುಂದೂಡುವುದು, ಏಪ್ರಿಲನ್ನೂ ಸೆಪ್ಟೆಂಬರನ್ನೂ ಕಣ್ಣಾರೆ ಕಂಡು ತೀರ್ಮಾನಿಸುವುದು ಎಂದು ಇಬ್ಬರೂ ಒಪ್ಪಿದರು. ತಂಗಿಯ ಮದುವೆಯ ಪ್ರಶ್ನೆಗೂ ಅಲ್ಲೇ ಒಂದು ಗಡಿ ಹಾಕಿಕೊಂಡರು. ಅಷ್ಟರೊಳಗೆ ಸಂಬಂಧ ಕೂಡಿದರೆ ಸರಿ, ಇಲ್ಲದಿದ್ದರೂ ನವೆಂಬರ್ ತಪ್ಪುವುದಿಲ್ಲ. "ತಂಗಿಯದಾಗಲಿ, ಆಮೇಲೆ ನೋಡೋಣ" ಎಂದು ತಾರೀಖಿಲ್ಲದೆ ಕಾದ ಜೋಡಿಗಳು ಕಾಯುತ್ತಲೇ ಬೇರೆಯಾಗುತ್ತವೆ. ತಂಗಿಯನ್ನೇ ಕೇಳಿದಾಗ ಬಿ.ಎಡ್ ಮುಗಿಯುವವರೆಗೆ ತನಗೆ ಮದುವೆ ಬೇಡ ಎಂದಳು. ಅಲ್ಲಿಯವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

ಊರಿನ ಬಾಯಿಗೆ ಬೀಳದಂತೆ ಆಕೆ ಉಳಿದುಕೊಳ್ಳುವುದು ದೂರದ ಸೋದರತ್ತೆಯ ಮನೆಯಲ್ಲಿ, ಆತನ ಮನೆಗೆ ಬರುವುದು ಹಗಲು, ತಂಗಿ ಇರುವಾಗ. ಸಣ್ಣ ಪಟ್ಟಣದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಏಪ್ರಿಲಿನ ಆ ಭಾನುವಾರ

ಏಪ್ರಿಲಿನಲ್ಲಿ ಐದು ಭಾನುವಾರ ಭೇಟಿಗೆಂದು ಇಟ್ಟುಕೊಂಡಿದ್ದರು. ಆತ ನಾಲ್ಕನ್ನು ತಪ್ಪಿಸಿದ. ಮೂರನೆಯದು ಎಲ್ಲವನ್ನೂ ಮುಗಿಸಿಬಿಟ್ಟಿತು ಎಂದೇ ಅನ್ನಿಸಿತ್ತು. ಅವತ್ತು ಹನ್ನೊಂದು ಗಂಟೆಗೆ ಆಕೆಯ ತಂದೆ ತಾಯಿ ಮೊದಲ ಸಲ ಮನೆ ನೋಡಲು ಬಂದರು. ಆತ ಇರಲಿಲ್ಲ. ತಾಯಿ ಹೋಳಿಗೆ ಮಾಡಿದ್ದರು. ಬಂದವರು ಎರಡು ಗಂಟೆಯವರೆಗೆ ಕೂತರು, ಊಟ ಮಾಡಿದರು. ನಡುವೆ ತಾಯಿ ಮಗನಿಗೆ ಫೋನಿನಲ್ಲಿ ತೆಲುಗಿನಲ್ಲಿ ಬೈದದ್ದು ಬಂದವರಿಗೆ ತಮ್ಮನ್ನೇ ಆಡಿಕೊಂಡಂತೆ ಕೇಳಿಸಿತು. ಏನೂ ಹೇಳದೆ ಎದ್ದು ಹೋದರು. ಆತ ಬಂದದ್ದು ನಾಲ್ಕಕ್ಕೆ, ಮೈಯೆಲ್ಲ ಗ್ರೀಸು, ಕೆಸರು. ಆಕೆ ಒಂಬತ್ತು ದಿನ ಮಾತಾಡಲಿಲ್ಲ.

ಮುಂದಿನ ಭೇಟಿಯಲ್ಲಿ, ಯಾಕೆ ತಡವಾಯಿತು ಎಂದು ಕೇಳದೆ, ಆ ದಿನವನ್ನು ಗಂಟೆಗಂಟೆಯಾಗಿ ಬರೆಸಿದೆವು. ಬೆಳಿಗ್ಗೆ 6.05ಕ್ಕೆ ರೈತನ ಫೋನು. ಟೊಮೆಟೊ ಕೊಯ್ಲಿಗೆ ಎರಡು ವಾರವಿದೆ, ಮೋಟರ್ ನಿಂತಿದೆ. 6.40ಕ್ಕೆ ತೋಟ. 7.15ಕ್ಕೆ ಎತ್ತಲು ಶುರು. ಮೋಟರ್ ಇದ್ದದ್ದು 1,100 ಅಡಿಯಲ್ಲಿ. ಜಿಐ ಪೈಪ್ ಒಂದು ಲೆಂತ್ 20 ಅಡಿ, ಅಂದರೆ 55 ಪೈಪು. ಒಂದೊಂದನ್ನೂ ಮೇಲೆಳೆದು, ಕೆಳಗಿನದಕ್ಕೆ ಕ್ಲಾಂಪ್ ಹಾಕಿ, ಬಿಚ್ಚಿ, ಪಕ್ಕಕ್ಕಿಡಬೇಕು. ಕ್ರೇನ್ ಗಾಡಿ ಇದ್ದರೆ ಎರಡೂವರೆ ಗಂಟೆಯ ಕೆಲಸ, ಹತ್ತಕ್ಕೆ ಮನೆಯಲ್ಲಿರುತ್ತೇನೆ ಎಂಬುದು ಆತನ ಅಂದಾಜು. 35ನೇ ಪೈಪಿಗೆ ಸಿಕ್ಕಿಕೊಂಡಿತು. ಕೇಬಲನ್ನು ಪೈಪಿಗೆ ಬಿಗಿದಿದ್ದ ಕಟ್ಟುಗಳು ಹರಿದು, ಕೇಬಲ್ ಜಾರಿ ಸುರುಳಿಯಾಗಿ, ಪೈಪಿಗೂ ಬಂಡೆಗೂ ನಡುವೆ ಸೇರಿಕೊಂಡಿತ್ತು. ಬಲವಾಗಿ ಎಳೆದರೆ ಪೈಪ್ ತುಂಡಾಗುತ್ತದೆ. ಇಷ್ಟಿಷ್ಟೇ ಕೆಳಗಿಳಿಸಿ, ತಿರುಗಿಸಿ, ಮತ್ತೆ ಮೇಲೆ ತರಬೇಕು. ಬಿಡಿಸಿ ಮೇಲೆ ತಂದದ್ದು ಮಧ್ಯಾಹ್ನ 3.30ಕ್ಕೆ.

"ನಡುವೆ ಬಿಟ್ಟು ಬರಬಹುದಿತ್ತಾ?" ಎಂದು ಆಕೆಯೇ ಕೇಳಿದಳು. ಆಗದು. ಉಳಿದ ಪೈಪು, ಪಂಪು, ಮೋಟರು ಎಲ್ಲ ಒಂದು ಕ್ಲಾಂಪಿನ ಮೇಲೆ ನೇತಾಡುತ್ತಿರುತ್ತವೆ. ಜಾರಿದರೆ ತಳಕ್ಕೆ ಹೋಗುತ್ತವೆ, ಬೋರೂ ಹೋಗುತ್ತದೆ. 7.15ರ ಮೇಲೆ ಆತನ ಕೈಯಲ್ಲಿ ತೀರ್ಮಾನವೇ ಇರಲಿಲ್ಲ. ಇದ್ದದ್ದು 6.05ಕ್ಕೆ. ಡ್ರಿಪ್ಪಿನ ಟೊಮೆಟೊ ಇನ್ನೊಂದು ದಿನ ತಡೆಯುತ್ತಿತ್ತು, ಆತನಿಗೂ ಅದು ಗೊತ್ತಿತ್ತು. ಸಂಜೆ ಬರುತ್ತೇನೆ ಅನ್ನಬಹುದಿತ್ತು, ಬೇರೆಯವರನ್ನು ಕಳಿಸಬಹುದಿತ್ತು. ಯಾಕೆ ಅನ್ನಲಿಲ್ಲ?

ತುಂಬ ಹೊತ್ತು ಸುಮ್ಮನಿದ್ದು ಆತ ಹೇಳಿದ: "ಅವ್ರು ನಂಗೆ ಮೂವತ್ತೆಂಟು ಸಾವ್ರ ಕೊಡ್ಬೇಕು. ನಾನಿಲ್ಲ ಅಂದ್ರೆ ಬೇರೆಯವ್ರನ್ನ ಕರೀತಾರೆ. ಬೇರೆಯವ್ರನ್ನ ಕರೆದ್ರೆ ನನ್ ದುಡ್ಡು ಹೋಯ್ತು."

ಈ ಪ್ರಕರಣ ತಿರುಗಿದ್ದು ಇಲ್ಲಿ. ಕಸುಬಿನವನಿಗೆ ಬಾಕಿ ಇಟ್ಟ ಗಿರಾಕಿಯೇ ಕಸುಬಿನವನನ್ನು ಆಳುತ್ತಾನೆ. ಪೂರ್ತಿ ದುಡ್ಡು ಕೊಟ್ಟವನಿಗೆ ನಾಳೆ ಬರುತ್ತೇನೆ ಅನ್ನಬಹುದು, ಕೊಡಬೇಕಾದವನಿಗೆ ಅನ್ನಲಾಗದು. ಖಾತೆ ಪುಸ್ತಕದಲ್ಲಿದ್ದ 93 ಹೆಸರೂ ಆತನ ಭಾನುವಾರಗಳ ಮೇಲೆ ಹಕ್ಕು ಹೊಂದಿದ್ದವು. ಆಕೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ತನ್ನನ್ನು ಬಿಟ್ಟು ಗಿರಾಕಿಯನ್ನು ಆರಿಸಿಕೊಂಡ ಎಂದು ಒಂಬತ್ತು ದಿನ ಉರಿದವಳು, ಆರಿಸಿಕೊಳ್ಳುವ ಸ್ಥಿತಿಯಲ್ಲೇ ಆತ ಇರಲಿಲ್ಲ ಎಂಬುದನ್ನು ಕಂಡಳು. ವಾದ ಪ್ರೀತಿಯದಲ್ಲ, ಉದ್ರಿಯದು ಎಂದಾದ ಮೇಲೆ ಅದಕ್ಕೆ ಮದ್ದು ಹುಡುಕಬಹುದಾಗಿತ್ತು.

ಬದಲಿಸಿದ್ದು ಏನು

ಈ ಸಲ ಪುಸ್ತಕದ ಮುಂದೆ ಅಣ್ಣನೂ ಕೂತ. ಆಕೆ ಹೆಸರುಗಳನ್ನು ಮೊತ್ತದ ಪ್ರಕಾರ ಜೋಡಿಸಲಿಲ್ಲ. ಯಾರ ಹಣ ಯಾವಾಗ ಬರುತ್ತದೆ ಎಂದು ಅಣ್ಣ ತಮ್ಮಂದಿರು ಹೇಳಿದ ಹಾಗೆ ಜೋಡಿಸಿದಳು: ಡೈರಿ ಬಟವಾಡೆಯಲ್ಲಿ ಕೊಡುವವರು, ಟೊಮೆಟೊ ಮಂಡಿಯಿಂದ ಬಂದ ಮೇಲೆ ಕೊಡುವವರು, ಮಾವಿನ ಫಸಲಿಗೆ ಕೊಡುವವರು. ಎರಡು ವರ್ಷ ದಾಟಿದ ಬಾಕಿ 1,30,000 ಇತ್ತು, ಅದನ್ನು ಬೇರೆ ಹಾಳೆಗೆ ಹಾಕಿದರು. ಉಳಿದ 3,50,000ದಲ್ಲಿ ಆಗಸ್ಟಿನ ಹೊತ್ತಿಗೆ 2,60,000 ತಾನಾಗಿ ಬಂತು, ಯಾರಿಗೂ ಬಿಲ್ ಕಳಿಸದೆ. ಹಳೆಯ 1,30,000ದಲ್ಲಿ ಬಂದದ್ದು 14,000 ಮಾತ್ರ. ಊರಿನ ಕಾಲವನ್ನು ಅರಿತ ಆತನೂ ಸರಿ, ಹಳೆಯದು ಮುಳುಗಿದೆ ಎಂದ ಆಕೆಯೂ ಸರಿ. ಇಬ್ಬರೂ ಪೂರ್ತಿ ಸರಿಯಿರಲಿಲ್ಲ ಎನ್ನುವುದನ್ನು ಅಂಕಿಯೇ ಹೇಳಿದ್ದರಿಂದ ಜಗಳ ಬೆಳೆಯಲಿಲ್ಲ.

ಹೊಸ ಕಟ್ಟಳೆ ಮೂರು. ತಂತಿಯ ಹಣ ಮತ್ತು ಗಾಡಿ ಬಾಡಿಗೆ ಎತ್ತುವ ಮೊದಲೇ ನಗದು, ಉದ್ರಿ ಕೂಲಿಗೆ ಮಾತ್ರ. ಒಬ್ಬರಿಗೆ ಉದ್ರಿಯ ಮಿತಿ 10,000. ತಂದೆಯ ಕಾಲದಿಂದ ಇರುವ ಎರಡು ಮನೆಗಳಿಗೆ ಮಿತಿ ಬೇಡ ಎಂದು ಅಣ್ಣ ಹಟ ಹಿಡಿದ, ಒಪ್ಪಿದರು. ಭಾನುವಾರಕ್ಕೆ ಪಕ್ಕದ ಹೋಬಳಿಯ ಇನ್ನೊಬ್ಬ ಮೆಕ್ಯಾನಿಕ್ ಜೊತೆ ಮುಯ್ಯಾಳಿನ ಲೆಕ್ಕ: ಈ ವಾರ ಇವನ ಗಿರಾಕಿಯನ್ನು ಅವನು ನೋಡುತ್ತಾನೆ, ಮುಂದಿನ ವಾರ ಅವನದನ್ನು ಇವನು. ಕೂಲಿ ಮಾಡಿದವನಿಗೆ, ಗಿರಾಕಿ ಮೂಲದವನಿಗೆ. ಬೇಸಾಯದಲ್ಲಿ ಎಲ್ಲರೂ ಬಲ್ಲ ಪದ್ಧತಿಯಾದ್ದರಿಂದ ಯಾರಿಗೂ ವಿವರಿಸಬೇಕಾಗಲಿಲ್ಲ. ಮೊದಲ ತಿಂಗಳಲ್ಲಿ ಆರು ಗಿರಾಕಿಗಳು ಬಿಟ್ಟುಹೋದರು, ನಾಲ್ವರು ಜೂನಿನೊಳಗೆ ವಾಪಸು ಬಂದರು.

ತಂದೆಯ ಮೂರನೆಯ ಪ್ರಶ್ನೆಗೂ ಕಾಗದದಲ್ಲೇ ಉತ್ತರ ಕೊಟ್ಟರು. ಬ್ಯಾಂಕಿನವರಾದ್ದರಿಂದ ಮೂರು ವರ್ಷದ ರಿಟರ್ನ್ಸ್ ಕೇಳಿದ್ದರು. ಆತ ಎಂದೂ ಸಲ್ಲಿಸಿರಲಿಲ್ಲ. ಆ ವರ್ಷದ್ದನ್ನು ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಮೇಲೆ ತೆರಿಗೆ ಲೆಕ್ಕ ಹಾಕುವ, 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಡಿ ಸಲ್ಲಿಸಿದ. ಆಕೆ ತಾನೇ ಮಾಡಿಕೊಡದೆ ಬೇರೆ ಆಡಿಟರ್ ಕೈಯಲ್ಲಿ ಮಾಡಿಸಿದಳು. ಅದು ಒಳ್ಳೆಯ ನಡೆ, ತಂದೆ ಅದನ್ನು ಗಮನಿಸಿದರು. ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ರೂಪಾಯಿಗೆ ಎರಡು ಲಕ್ಷದ ಜೀವನ್ ಜ್ಯೋತಿ, ಇವೆರಡನ್ನೂ ಬ್ಯಾಂಕಿನಲ್ಲಿ ಮಾಡಿಸಿದ. ಅಷ್ಟು ಸಾಲದು ಎಂದು ಒಂದು ಟರ್ಮ್ ಪಾಲಿಸಿಯನ್ನೂ ತೆಗೆದುಕೊಂಡ. ಮನೆ ಸಾಲದ ಕಂತು ಮದುವೆಯ ನಂತರವೂ ಎರಡು ವರ್ಷ ಆಕೆಯ ಸಂಬಳದಿಂದಲೇ ಹೋಗಲಿ ಎಂದು ಹೇಳಿದ್ದು ಆತನೇ. ತಂದೆಯ ದನಿ ಇಳಿದದ್ದು ಆಮೇಲೆ. ಜಾತಿಯ ಮಾತನ್ನು ಅವರು ಬಿಟ್ಟಿಲ್ಲ, ಮದುವೆಗೆ ಅಡ್ಡ ನಿಲ್ಲುವುದನ್ನು ಬಿಟ್ಟರು.

ಸೆಪ್ಟೆಂಬರ್ ಆಕೆಯ ಸರದಿ. ಆತ ಎರಡು ಶನಿವಾರ ಬೆಂಗಳೂರಿಗೆ ಬಂದು ರಾತ್ರಿ ಹನ್ನೊಂದರವರೆಗೆ ಕಚೇರಿ ಕೆಳಗೆ ಕಾದ. ಗಿರಾಕಿಗಳು 28ನೇ ತಾರೀಖಿಗೆ ಕಾಗದಪತ್ರ ತಂದುಕೊಡುತ್ತಾರೆ, ಆಕೆಗೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. "ನಿಂದೂ ಆರೂ ಐದರ ಫೋನೇ ಅಲ್ವಾ" ಎಂದ. 10ನೇ ತಾರೀಖಿನ ನಂತರ ಬಂದದ್ದನ್ನು ತಾನು ಹಿಡಿಯುವುದಿಲ್ಲ ಎಂದು ಆಕೆ ಮುಂದಿನ ವರ್ಷಕ್ಕೆ ಕಚೇರಿಯಲ್ಲಿ ಹೇಳಿದ್ದಾಳೆ. ಅವರು ಪೂರ್ತಿ ಒಪ್ಪಿಲ್ಲ.

ಮದುವೆ ನವೆಂಬರಿನಲ್ಲಿ, ಒಂದು ದೇವಸ್ಥಾನದಲ್ಲಿ, 60 ಜನರ ಮುಂದೆ ಆಯಿತು. ಅದೇ ವಾರ ನೋಂದಣಿ. ಅಣ್ಣ ಬರಲಿಲ್ಲ. ಆತನ ತಾಯಿ ಬಂದರು, ಶಾಸ್ತ್ರಗಳಿಗೆ ಕೈ ಹಚ್ಚಲಿಲ್ಲ, ಊಟಕ್ಕೆ ಬಡಿಸಿದರು.

ಅವರಿರುವುದು ಆತನ ಊರಲ್ಲಿ, ಅಂಗಡಿಗೆ ಹತ್ತಿರದ ಬಾಡಿಗೆ ಮನೆಯಲ್ಲಿ. ಆಕೆ ವಾರಕ್ಕೆ ಮೂರು ದಿನ ಸೀಸನ್ ಟಿಕೆಟಿನಲ್ಲಿ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದು ವೈಟ್‌ಫೀಲ್ಡಿಗೆ ಹೋಗುತ್ತಾಳೆ, ಎರಡು ದಿನ ಮನೆಯಿಂದ ಕೆಲಸ. ಸೆಪ್ಟೆಂಬರ್ ಪೂರ್ತಿ ಬೆಂಗಳೂರಲ್ಲಿ ತಂದೆಯ ಮನೆ ಎಂದು ಮೊದಲೇ ಒಪ್ಪಂದವಾಗಿದೆ. ತೆಲುಗು ಕಲಿಯುತ್ತಿದ್ದಾಳೆ. ಅತ್ತೆ ಬೈಯುವುದು ಯಾರಿಗೆ ಎನ್ನುವಷ್ಟು ಬರುತ್ತದೆ. ಅಣ್ಣ ಅಂಗಡಿಯಲ್ಲಿ ಮಾತಾಡುತ್ತಾನೆ, ಮನೆಗೆ ಬಂದಿಲ್ಲ. ಅಂಗಡಿಯ ಪಾಲಿನ ಕರಾರು ಇನ್ನೂ ಬಾಯಿಮಾತಿನಲ್ಲೇ ಇದೆ. ಈ ಪ್ರಕರಣದಲ್ಲಿ ಬಾಕಿ ಉಳಿದಿರುವ ದೊಡ್ಡ ಅಪಾಯ ಅದೇ. ಅದನ್ನು ಆಕೆ ಎತ್ತಬಾರದು, ಅಣ್ಣ ತಮ್ಮಂದಿರೇ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಬರೆದುಕೊಳ್ಳಬೇಕು ಎಂಬುದು ನಮ್ಮ ಸಲಹೆ.

ಮದುವೆಯ ನಂತರದ ಮೊದಲ ಏಪ್ರಿಲಿನಲ್ಲಿ ಆತ ತಪ್ಪಿಸಿದ ಭಾನುವಾರ ಒಂದು. ಹಿಂದಿನ ರಾತ್ರಿಯೇ ಹೇಳಿದ್ದ, 900 ಅಡಿ, 45 ಪೈಪು, ಸಂಜೆಯಾಗುತ್ತದೆ ಎಂದು. ಆಕೆ ತಂಗಿಯ ಜೊತೆ ಬುತ್ತಿ ಕಟ್ಟಿಕೊಂಡು ತೋಟಕ್ಕೇ ಹೋದಳು.